ಮನೆಯಲ್ಲೊಂದು ಡ್ರಿಲ್ಲಿಂಗ್ ಮಷೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಮ್ಮ ಮನೆಗೂ ಕಾಂಪೌಂಡಿಗೂ ನಡುವೆ ಆರಡಿ ಅಗಲ, ಹದಿನಾಲ್ಕಡಿ ಉದ್ದದ ಒಂದು ಸಂದಿ ಇದೆ. ಮೇಲೆ ತಗಡು ಹೊದಿಸಿದ್ದೇನೆ. ಅಲ್ಲಿ ಒಂದು ಬೆಂಚ್ ಡ್ರಿಲ್ಲಿಂಗ್ ಮಷೀನ್ (ಬೆಂಚಿನ ಮೇಲೆ ನಿಲ್ಲಿಸಿ ಕಬ್ಬಿಣಕ್ಕೆ ತೂತು ಕೊರೆಯುವ ಯಂತ್ರ) ಬಂದು ನಿಂತು ಎಂಟು ವರ್ಷವಾಯಿತು. ಅದನ್ನು ನೋಡಿದವರು, ನೋಡಿ ತಮಗೂ ಬೇಕೆನಿಸಿದವರು, ತಂದ ಮೇಲೆ ಎಲ್ಲಿಡಬೇಕೆಂದು ತಲೆ ಕೆರೆದುಕೊಂಡವರು ಕೇಳಿದ ಪ್ರಶ್ನೆಗಳು ಇವು. ನಾನು ಐಟಿಐ ಫಿಟ್ಟರ್. ಈಗ ಮನೆಮಟ್ಟಿಗೆ, ಮನಸ್ಸು ಬಂದಾಗ ಕೆಲಸ ಮಾಡುವವನು.

ಕೈ ಡ್ರಿಲ್ ಇದೆಯಲ್ಲ, ಇದೊಂದು ಯಾಕೆ?

ಗೋಡೆಗೆ ಮೊಳೆ ಸಿಕ್ಕಿಸುವುದಷ್ಟೇ ನಿಮ್ಮ ಕೆಲಸವಾದರೆ ಬೇಡವೇ ಬೇಡ. ಆದರೆ 6 ಮಿ.ಮೀ. ದಪ್ಪದ ಪಟ್ಟಿಗೆ 12 ಮಿ.ಮೀ. ತೂತನ್ನು ಕೈ ಡ್ರಿಲ್‌ನಲ್ಲಿ ಹಾಕಿ ನೋಡಿ. ಮೊದಲು ಬಿಟ್ (ಕೊರೆಯುವ ಕಡ್ಡಿ) ಜಾರುತ್ತದೆ, ಆಮೇಲೆ ಓರೆಯಾಗುತ್ತದೆ, ಕೊನೆಗೆ ಸಿಕ್ಕಿಕೊಂಡು ಮಣಿಕಟ್ಟನ್ನೇ ತಿರುಚುತ್ತದೆ. ಗೇಟಿನ ಕೀಲು, ಮಂಚದ ಕಾಲು, ಕೂರಿಗೆಯ ಕ್ಲ್ಯಾಂಪು, ಹೀಗೆ ಎರಡು ತುಂಡಿನ ತೂತು ಒಂದಕ್ಕೊಂದು ಕೂಡಲೇಬೇಕಾದ ಕಡೆ ನಿಂತ ಮಷೀನೇ ಬೇಕು. ಕೈ ಡ್ರಿಲ್‌ಗೆ ಸಿಕ್ಕಿಸುವ ಸ್ಟ್ಯಾಂಡನ್ನೂ ನಾನು ಕೊಂಡು ನೋಡಿದ್ದೇನೆ. ಮರಕ್ಕೆ ನಡೆದೀತು. ಕಬ್ಬಿಣಕ್ಕೆ ಒತ್ತಿದರೆ ಸ್ಟ್ಯಾಂಡೇ ಬಾಗುತ್ತದೆ.

ಅಂಗಡಿಯಲ್ಲಿ 13, 20, 25 ಅಂತಾರೆ. ಏನದು?

ಸ್ಟೀಲಿನಲ್ಲಿ ಆ ಮಷೀನ್ ಎಷ್ಟು ಮಿ.ಮೀ. ತೂತು ಹಾಕಬಲ್ಲದು ಎಂಬ ಲೆಕ್ಕ. ಮನೆಗೆ 13 ಸಾಕು, 20 ಇದ್ದರೆ ಸುಖ, 25 ಬಂದರೆ ಅದಕ್ಕೇ ಒಂದು ಕೋಣೆ ಕೊಡಬೇಕು. 13ರಲ್ಲಿ ಬರೀ ಚಕ್ (ಬಿಟ್ಟನ್ನು ಕಚ್ಚಿ ಹಿಡಿಯುವ ದವಡೆ) ಇರುತ್ತದೆ. 20ರ ಮಷೀನುಗಳಲ್ಲಿ ಸಾಮಾನ್ಯವಾಗಿ ತಿರುಗುವ ನಡುದಂಡವಾದ ಸ್ಪಿಂಡಲ್‌ಗೆ ಎಂಟಿ-2 ಅಳತೆಯ ಟೇಪರ್ (ಕಿರಿದಾಗುತ್ತಾ ಹೋಗುವ ಕುಳಿ) ಇರುವುದರಿಂದ ದೊಡ್ಡ ಬಿಟ್ಟನ್ನು ಚಕ್ ಇಲ್ಲದೆ ನೇರವಾಗಿ ಸಿಕ್ಕಿಸಬಹುದು. ಅಂಗಡಿಯವರು ಹೇಳದ ಇನ್ನೊಂದು ಅಳತೆಯಿದೆ: ಕಂಬದಿಂದ ಬಿಟ್‌ನ ನಡುಮಧ್ಯಕ್ಕೆ ಎಷ್ಟು ದೂರ? ಅದು 6 ಇಂಚಿದ್ದರೆ 12 ಇಂಚು ಅಗಲದ ತಟ್ಟೆಯ ನಟ್ಟನಡುವೆ ತೂತು ಹಾಕಬಹುದು, ಅದಕ್ಕಿಂತ ಅಗಲದ್ದಕ್ಕೆ ಆಗದು. ಟೇಪು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಬೆಂಚ್ ಮೇಲಿಡುವುದೋ, ನೆಲದಿಂದ ನಿಲ್ಲುವ ಪಿಲ್ಲರ್ ಡ್ರಿಲ್ಲೋ?

ಬೆಂಚಿನದೇ. ಪಿಲ್ಲರಿನ ಉದ್ದ ಕಂಬದ ಉಪಯೋಗ ಎತ್ತರದ ತುಂಡಿಗೆ ತೂತು ಹಾಕುವಾಗ ಮಾತ್ರ. ಮನೆಯಲ್ಲಿ ಅದು ವರ್ಷಕ್ಕೆರಡು ಸಲ ಬಂದರೆ ಹೆಚ್ಚು.

ನಿಜವಾಗಿ ಎಷ್ಟು ಜಾಗ ಬೇಕು?

ಎಲ್ಲರೂ ಮಷೀನಿನ ಬುಡ ಅಳೆಯುತ್ತಾರೆ. ಒಂದೂವರೆ ಅಡಿಗೆ ಒಂದಡಿ, ಮೂಲೆಯಲ್ಲಿ ಕೂರುತ್ತದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಸಂದಿಯ ಕೊನೆಯ ಮೂಲೆಗೆ ತಳ್ಳಿದ್ದೆ. ಮೊದಲ ವಾರವೇ ಗೇಟಿನ ಪಟ್ಟಿ ಬಂತು, ಎಂಟಡಿ ಉದ್ದ. ಮಷೀನಿನ ಟೇಬಲ್ (ತುಂಡನ್ನಿಡುವ ತಟ್ಟೆ) ಮೇಲಿಟ್ಟರೆ ಆ ಕಡೆ ಮೂರಡಿಗೆ ಗೋಡೆ, ಈ ಕಡೆ ಮೂರಡಿಗೆ ಕಾಂಪೌಂಡು. ಅರವತ್ತು ಕೆ.ಜಿ. ಮಷೀನ್ ಎದುರಿಗಿದ್ದರೂ ಆ ಪಟ್ಟಿಯನ್ನು ನೆಲಕ್ಕೆ ಹಾಕಿ, ಕಾಲಲ್ಲಿ ತುಳಿದು, ಕೈ ಡ್ರಿಲ್‌ನಲ್ಲೇ ಕೊರೆದೆ.

ಅಳೆಯಬೇಕಾದ್ದು ಮಷೀನನ್ನಲ್ಲ, ತೂತು ಬೀಳುವ ತುಂಡನ್ನು. ಆಂಗಲ್, ಪಟ್ಟಿ, ಪೈಪು ಅಂಗಡಿಯಲ್ಲಿ ಸಿಗುವುದೇ 20 ಅಡಿ ಉದ್ದದಲ್ಲಿ. ಅರ್ಧಕ್ಕೆ ಕೊಯ್ಸಿಕೊಂಡು ಬಂದರೂ ಹತ್ತಡಿ. ಅದರ ನಡುವೆ ತೂತು ಹಾಕಲು ಎರಡೂ ಪಕ್ಕ ಐದೈದು ಅಡಿ ಬೇಕು. ತುದಿಗೆ ಹಾಕಲು ಒಂದು ಪಕ್ಕ ಹತ್ತಡಿ ಬೇಕು. ಇನ್ನೊಂದು ತುದಿಗೆ ಪಟ್ಟಿಯನ್ನೇ ತಿರುಗಿಸಿ ಇಟ್ಟರಾಯಿತು. ಅಂದರೆ ಒಂದು ಪಕ್ಕ ಹತ್ತು, ಇನ್ನೊಂದು ಪಕ್ಕ ಐದು.

ಆ ಹತ್ತಡಿ ನಿಮ್ಮ ಎಡಕ್ಕೇ ಇರಲಿ. ಇದನ್ನು ಹೊಟ್ಟೆಗೆ ಪೆಟ್ಟು ತಿಂದು ಕಲಿತೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ತುಂಡು ಸಿಕ್ಕಿಕೊಂಡರೆ ಅದೂ ಅದೇ ದಿಕ್ಕಿಗೆ ಸುತ್ತುತ್ತದೆ. ಉದ್ದ ಭಾಗ ಎಡಕ್ಕಿದ್ದರೆ ಅದು ನಿಮ್ಮಿಂದ ದೂರ ಹೋಗಿ ಮಷೀನಿನ ಕಂಬಕ್ಕೆ ಆತು ನಿಲ್ಲುತ್ತದೆ. ಬಲಕ್ಕಿದ್ದರೆ ಸೀದಾ ನಿಮ್ಮ ಕಡೆ ಬೀಸುತ್ತದೆ. ನನ್ನದು ಒಂದೂವರೆ ಅಡಿಯ ಪಟ್ಟಿ. 10 ಮಿ.ಮೀ. ಬಿಟ್ ಇನ್ನೇನು ಆಚೆ ತೂರಬೇಕು ಅನ್ನುವಷ್ಟರಲ್ಲಿ ಕಚ್ಚಿಕೊಂಡಿತು. ಹೊಕ್ಕುಳ ಪಕ್ಕದಲ್ಲಿ ಬೆರಳಗಲದ ನೀಲಿ ಗೆರೆ ಹದಿನೈದು ದಿನ ಇತ್ತು.

ಆಮೇಲೆ ಮಷೀನನ್ನು ಉದ್ದನೆಯ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದೆ. ಎಡಕ್ಕೆ ಸಂದಿಯ ಹತ್ತಡಿ. ಬಲಕ್ಕೆ ನಾಲ್ಕಡಿ, ಅದರಾಚೆ ಹಿತ್ತಲ ಬಾಗಿಲು. ಪಟ್ಟಿ ಉದ್ದವಾದರೆ ಬಾಗಿಲು ತೆರೆದಿಡುವುದು, ಅದು ಹಿತ್ತಲಿಗೆ ಇಣುಕುತ್ತದೆ. "ರೀ, ನಿಮ್ಮ ಕಬ್ಬಿಣ ನನ್ನ ಸೀರೆಗೆ ತಾಗ್ತಾ ಐತೆ" ಎಂದು ಒಣಹಾಕಿದ ಬಟ್ಟೆಯ ಮರೆಯಿಂದ ಮಾತು ಬಂದ ಮೇಲೆ, ಡ್ರಿಲ್ಲಿಂಗ್ ಇದ್ದ ದಿನ ಬಟ್ಟೆ ಮಾಳಿಗೆ ಮೇಲೆ ಒಣಗುತ್ತವೆ, ಅವನ್ನು ಹಾಕುವವನು ನಾನು ಎಂದು ಒಪ್ಪಂದವಾಯಿತು.

ಎತ್ತರದ ಲೆಕ್ಕವೂ ಇದೆ. ಬೆಲ್ಟಿನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ತಗಡಿನ ಇಳಿಜಾರು ಆ ಕಡೆ ತಗ್ಗಾಗಿದ್ದರೆ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ಆಗ ವೇಗ ಬದಲಿಸಲು ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಸರಿಸುವುದಕ್ಕೆ ಬೇಸರ ಬಂದು ಎಲ್ಲಾ ತೂತನ್ನೂ ಒಂದೇ ವೇಗದಲ್ಲಿ ಹಾಕಲು ಶುರು ಮಾಡುತ್ತೀರಿ. ಬಲಗಡೆ ಹಿಡಿಕೆ ಸುತ್ತಲು ಒಂದಡಿಯಾದರೂ ಬಿಡಿ, ಇಲ್ಲದಿದ್ದರೆ ಗೆಣ್ಣು ಗೋಡೆಗೆ ಉಜ್ಜುತ್ತದೆ.

ವಾಸ್ತು ಪ್ರಕಾರ ಯಾವ ಮೂಲೆ?

ಭಾರದ್ದೆಲ್ಲ ನೈಋತ್ಯಕ್ಕೆ ಅಂತಾರೆ. ನಿಮ್ಮ ನೈಋತ್ಯಕ್ಕೆ ಎಡಗಡೆ ಹತ್ತಡಿ ಇದ್ದರೆ ಧಾರಾಳವಾಗಿ ಇಡಿ.

ಎಷ್ಟು ಎತ್ತರದ ಸ್ಟ್ಯಾಂಡ್ ಮಾಡಿಸಲಿ? ನಮ್ಮದು ಶಾಬಾದಿ ಕಲ್ಲಿನ ನೆಲ.

ಟೇಬಲ್ ಮಾಮೂಲಿ ಕೆಲಸಕ್ಕೆ ನಿಲ್ಲುವ ಜಾಗ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಎರಡೂವರೆ ಅಡಿಯ ಸಾಮಾನ್ಯ ಬೆಂಚಿನ ಮೇಲೆ ಕೂರಿಸಿದರೆ ಟೇಬಲ್ ಎದೆಗೆ ಬಂದು, ಗುರುತು ಕಾಣದೆ ತುದಿಗಾಲಲ್ಲಿ ನಿಲ್ಲುತ್ತೀರಿ. ನನ್ನದು 50 ಮಿ.ಮೀ. ಆಂಗಲ್‌ನಲ್ಲಿ ಬೆಸೆದ ಎರಡಡಿ ಎತ್ತರದ ಸ್ಟ್ಯಾಂಡು, ಕಾಲುಗಳು ಕೆಳಗೆ ಹೋಗುತ್ತಾ ಅಗಲ. ಈ ಮಷೀನಿನ ಭಾರವೆಲ್ಲ ತಲೆಯಲ್ಲಿದೆ. ಮೋಟರ್ರು, ಪುಲ್ಲಿ, ಸ್ಪಿಂಡಲ್ಲು ಮೇಲೆ, ಬುಡದಲ್ಲಿ ಬರೀ ಒಂದು ಬೀಡಿನ (ಎರಕದ ಕಬ್ಬಿಣದ) ತಟ್ಟೆ. ಮಕ್ಕಳು ಹಿಡಿಕೆಗೆ ಜೋತುಬಿದ್ದರೂ ಮಗುಚಬಾರದು. ಅದಕ್ಕೆ ಸ್ಟ್ಯಾಂಡಿನ ಕೆಳಹಲಗೆಯ ಮೇಲೆ ಗ್ರಾನೈಟಿನ ವೇಸ್ಟ್ ತುಂಡು ಪೇರಿಸಿದ್ದೇನೆ. ನಮ್ಮ ಕಡೆ ಅದಕ್ಕೇನು ಬರವಿಲ್ಲ.

ಶಾಬಾದಿ ಕಲ್ಲಿಗೆ ನೇರವಾಗಿ ಆಂಕರ್ ಬೋಲ್ಟ್ ಹೊಡೆಯಬೇಡಿ. ಕಲ್ಲಿನ ಕೆಳಗೆ ಮರಳು ಇಲ್ಲವೇ ಸಡಿಲ ಗಾರೆ ಇದ್ದರೆ ಬೋಲ್ಟ್ ಬಿಗಿದಂತೆ ಕಲ್ಲು ಪದರ ಪದರವಾಗಿ ಏಳುತ್ತದೆ. ಕಾಲು ಬರುವಷ್ಟು ಜಾಗದ ಕಲ್ಲು ತೆಗೆಸಿ, ಒಂಬತ್ತು ಇಂಚು ಆಳಕ್ಕೆ ಕಾಂಕ್ರೀಟ್ ಹಾಕಿಸಿ, ಅದಕ್ಕೆ ಬೋಲ್ಟ್ ಕೊಡಿ. ಬಾಡಿಗೆ ಮನೆಯಾದರೆ ಬೋಲ್ಟೇ ಬೇಡ, ಕೆಳಗೆ ಭಾರ ಹೇರಿ, ಕಾಲಿಗೆ ದಪ್ಪ ರಬ್ಬರ್ ಕೊಡಿ.

ಹೊಸದೋ, ಸೆಕೆಂಡ್ ಹ್ಯಾಂಡೋ?

ನನ್ನ ಮಟ್ಟಿಗೆ ಹಳೆಯ ಬೀಡಿನ ಮಷೀನೇ ಸರಿ. ರಾಜಕೋಟ್, ಬಟಾಲಾ ಕಡೆಯ ಹಳೆಯ ಮಷೀನುಗಳು ನಮ್ಮ ಭಾಗದಲ್ಲಿ ಇನ್ನೂ ಓಡುತ್ತಿವೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ರಿಪೇರಿ ಶೆಡ್ಡು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲು, ತೋರಣಗಲ್ಲು ಕಡೆಯ ಫ್ಯಾಬ್ರಿಕೇಶನ್ ಶೆಡ್ಡು, ಇಂಥ ಕಡೆ ಆಗಾಗ ಮಾರಾಟಕ್ಕೆ ಬರುತ್ತವೆ. ನನ್ನದು ಗಂಗಾವತಿಯ ಒಂದು ಮಿಲ್ಲಿನದು. ಹಸಿರು ಬಣ್ಣದ ಮೇಲೆ ಭತ್ತದ ಹೊಟ್ಟು ಒಂದು ಬೆರಳು ಕೂತಿತ್ತು.

ಬಣ್ಣ ನೋಡಿ ಮೋಸ ಹೋಗಬೇಡಿ. ಮೊದಲು ಮಷೀನ್ ಬಂದ್ ಇರುವಾಗಲೇ ಹಿಡಿಕೆ ಎಳೆದು ಸ್ಪಿಂಡಲನ್ನು ಪೂರ್ತಿ ಕೆಳಗಿಳಿಸಿ. ಚಕ್ಕನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಇದ್ದರೆ ಇರಲಿ, ಟಕ್ ಟಕ್ ಅಂದರೆ ಬೇಡ. ಆಮೇಲೆ ಒಂದು ದಪ್ಪ ತಂತಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಚಕ್‌ಗೆ ಸಿಕ್ಕಿಸಿ, ಅದರ ತುದಿ ಟೇಬಲನ್ನು ಮುಟ್ಟಿಯೂ ಮುಟ್ಟದಂತೆ ಇಳಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಮುಂದೆ ಉಜ್ಜಿ ಹಿಂದೆ ಎದ್ದರೆ ಟೇಬಲ್ ವಾಲಿದೆ ಎಂದರ್ಥ. ಎಡಬಲಕ್ಕೆ ವಾಲಿದ್ದರೆ ಕೆಳಗಿನ ಬೋಲ್ಟ್ ಸಡಿಲಿಸಿ ಸರಿಮಾಡಬಹುದು, ಹಿಂದೆಮುಂದೆ ವಾಲಿದ್ದರೆ ತಲೆನೋವು. ಬಳಿಕ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಕಿವಿಗೊಡಿ. ಮರಳು ಅರೆದಂಥ ಸದ್ದು ಬಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಬದಲಿಸುವುದು ದೊಡ್ಡ ಖರ್ಚೇನಲ್ಲ, ಆದರೆ ಆ ನೆಪದಲ್ಲಿ ಬೆಲೆ ಇಳಿಸಬಹುದು.

ಟೇಬಲ್ ಮೇಲೆ ಹತ್ತಾರು ತೂತು ಕಂಡರೆ ಹೆದರಬೇಡಿ. ಹುಡುಗರು ಕೆಳಗೆ ಮರ ಕೊಡದೆ ಕೊರೆದ ಗುರುತುಗಳಷ್ಟೆ. ನನ್ನ ಟೇಬಲಿನಲ್ಲಿ ಹದಿನೇಳು ಇವೆ, ಒಂದು ನನ್ನದೇ.

ಮನೆಗೆ ತರುವುದು ಹೇಗೆ?

ಬೆಲ್ಟ್ ಬಿಚ್ಚಿ, ಮೋಟರ್ ಇಳಿಸಿ. ಟೇಬಲನ್ನು ಬುಡದವರೆಗೆ ತಗ್ಗಿಸಿ ಬಿಗಿಯಿರಿ. ಹಗ್ಗ ಕಟ್ಟುವುದು ಕಂಬಕ್ಕೆ, ಹಿಡಿಕೆಗೋ ಪುಲ್ಲಿಗೋ ಅಲ್ಲ. ಗೂಡ್ಸ್ ಆಟೋದಲ್ಲಿ ಹಳೆ ಟೈರಿನ ಮೇಲೆ ಮಲಗಿಸಿ ತನ್ನಿ. ನಿಲ್ಲಿಸಿ ತಂದರೆ ರಸ್ತೆಯ ಮೊದಲ ಉಬ್ಬಿಗೇ ಮಲಗುತ್ತದೆ. ಇಳಿಸಲು ಹಮಾಲರನ್ನೇ ಕರೆಯಿರಿ. ನಾವು ಮೂವರು ಅಣ್ಣತಮ್ಮಂದಿರು ಸೇರಿ ಇಳಿಸಿದೆವು, ಕಿರಿಯವನು ಈಗಲೂ ಸೊಂಟ ಹಿಡಿದುಕೊಂಡು ಆ ದಿನವನ್ನು ನೆನೆಯುತ್ತಾನೆ.

ಸಿಕ್ಕ ಮಷೀನಿಗೆ ತ್ರೀ ಫೇಸ್ ಮೋಟರ್ ಇದೆ. ನಮ್ಮದು ಸಿಂಗಲ್ ಫೇಸ್ ಮನೆ.

ಮೋಟರ್ ಬದಲಿಸಿ. ನಿಮಿಷಕ್ಕೆ 1440 ಸುತ್ತು ತಿರುಗುವ, ಅಂದರೆ 1440 ಆರ್‌ಪಿಎಂನ ಅರ್ಧ ಅಥವಾ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಎಲ್ಲ ಕಡೆ ಸಿಗುತ್ತದೆ. ಹಳೆಯದರ ಶಾಫ್ಟ್ ದಪ್ಪವನ್ನೂ ಕಾಲಿನ ಬೋಲ್ಟ್ ತೂತುಗಳ ಅಂತರವನ್ನೂ ಬರೆದುಕೊಂಡು ಹೋಗಿ, ಪುಲ್ಲಿ ಹಾಗೇ ಕೂರುತ್ತದೆ. ಹಳೆ ಮೋಟರ್ ಮಾರಿದರೆ ಅರ್ಧ ದುಡ್ಡು ವಾಪಸ್.

ಕರೆಂಟ್ ಬಿಲ್ ಏರುತ್ತಾ? ಗೃಹಜ್ಯೋತಿ ತಪ್ಪಿಹೋದರೆ?

ಅರ್ಧ ಎಚ್‌ಪಿ ಮೋಟರ್ ಪೂರ್ತಿ ಭಾರದಲ್ಲಿ ಒಂದು ಗಂಟೆ ಓಡಿದರೆ ಸುಮಾರು ಅರ್ಧ ಯೂನಿಟ್. ಮನೆಕೆಲಸದಲ್ಲಿ ಗುರುತು ಹಾಕುವುದು, ಪಂಚ್ ಹೊಡೆಯುವುದು (ಬಿಟ್ ಜಾರದಂತೆ ಗುರುತಿನ ಮೇಲೆ ಚಿಕ್ಕ ಕುಳಿ ಮಾಡುವುದು), ತುಂಡನ್ನು ಬಿಗಿಹಿಡಿಯುವ ವೈಸ್‌ಗೆ ಕಟ್ಟುವುದಕ್ಕೇ ಹೊತ್ತು ಹೋಗುತ್ತದೆ. ದಿನಕ್ಕೆ ಕಾಲು ಗಂಟೆ ಓಡಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟದು. ಗೃಹಜ್ಯೋತಿ ಪೂರ್ತಿ ತಪ್ಪುವುದು 200 ಯೂನಿಟ್ ದಾಟಿದರೆ, ಆ ಗೆರೆಗೆ ಅಂಟಿಕೊಂಡೇ ಇರುವ ಮನೆಯಾದರೆ ಲೆಕ್ಕ ಇಡಿ. ಅಂಥ ಮನೆಯಲ್ಲಿ ಕೂಲರ್ರೇ ದೋಷಿ, ಡ್ರಿಲ್ ಅಲ್ಲ.

ಮಾಮೂಲಿ ಸ್ವಿಚ್ ಸಾಲದಾ?

ಸಾಲದು. ತೂತು ಅರ್ಧವಾದಾಗ ಕರೆಂಟ್ ಹೋಗುತ್ತದೆ. ನೀವು ಬಿಟ್ ಬಿಡಿಸಲು ಚಕ್ ಕೀ ಸಿಕ್ಕಿಸುತ್ತೀರಿ, ಸ್ವಿಚ್ ಆನ್ ಆಗಿಯೇ ಇರುವುದು ಮರೆತಿರುತ್ತದೆ. ಕರೆಂಟ್ ಬಂತು. ಕೀ ಗುಂಡಿನಂತೆ ಹಾರುತ್ತದೆ. ಅದಕ್ಕೇ ಹಸಿರು, ಕೆಂಪು ಗುಂಡಿಯ ಸ್ಟಾರ್ಟರ್ ಹಾಕಿ. ಹೊಲದ ಬೋರ್‌ವೆಲ್ ಮೋಟರಿಗೆ ಇರುತ್ತದಲ್ಲ, ಅದರ ಸಿಂಗಲ್ ಫೇಸ್ ತಮ್ಮ. ಕರೆಂಟ್ ಹೋದೊಡನೆ ಒಳಗಿನ ಕಾಯಿಲ್ ಬಿಡುತ್ತದೆ, ವಾಪಸ್ ಬಂದರೂ ಹಸಿರು ಒತ್ತುವ ತನಕ ಮಷೀನ್ ಓಡುವುದಿಲ್ಲ. ಜೊತೆಗೆ ಸರಿಯಾದ ಅರ್ಥಿಂಗ್, ಮತ್ತು ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ. ಬೀಡಿನ ಮೈಯನ್ನು ಬೆವರು ಕೈಯಲ್ಲಿ ಮುಟ್ಟಿಕೊಂಡೇ ಮಾಡುವ ಕೆಲಸ ಇದು.

ವೋಲ್ಟೇಜ್ ಇಳಿದಾಗ ಮೋಟರ್ ತಿರುಗದೆ ಗುಂಯ್ ಎನ್ನುತ್ತದೆ. ಬೆಲ್ಟ್ ಎಳೆದು ತಿರುಗಿಸಲು ಕೈ ಹಾಕಬೇಡಿ, ಕೆಂಪು ಒತ್ತಿ, ಚಹಾ ಕುಡಿದು ಬನ್ನಿ.

ಯಾವ ಬಿಟ್‌ಗೆ ಎಷ್ಟು ವೇಗ?

ಮೈಲ್ಡ್ ಸ್ಟೀಲಿಗೆ (ಮಾಮೂಲಿ ಕಬ್ಬಿಣಕ್ಕೆ) ಹೈ ಸ್ಪೀಡ್ ಸ್ಟೀಲಿನ, ಅಂದರೆ ಎಚ್‌ಎಸ್‌ಎಸ್ ಬಿಟ್ ಬಳಸುವಾಗ ಬಾಯಿಲೆಕ್ಕ ಒಂದಿದೆ. 8000ವನ್ನು ಬಿಟ್‌ನ ಮಿ.ಮೀ.ಯಿಂದ ಭಾಗಿಸಿ. 5 ಮಿ.ಮೀ.ಗೆ 1600, 10ಕ್ಕೆ 800, 20ಕ್ಕೆ 400 ಆರ್‌ಪಿಎಂ. ಸ್ಟೇನ್‌ಲೆಸ್‌ಗೆ ಅದರ ಅರ್ಧ, ಅಲ್ಯುಮಿನಿಯಂಗೆ ದುಪ್ಪಟ್ಟು. ನಿಮ್ಮ ಪುಲ್ಲಿಯಲ್ಲಿ ಅದೇ ಸಂಖ್ಯೆ ಸಿಗದು, ಹತ್ತಿರದ ಕಡಿಮೆ ವೇಗ ಹಿಡಿಯಿರಿ. ಮೋಟರಿನ ಕಡೆ ಚಿಕ್ಕ ಮೆಟ್ಟಿಲು, ಸ್ಪಿಂಡಲ್ ಕಡೆ ದೊಡ್ಡದು ಇದ್ದರೆ ನಿಧಾನ. ತಿರುಗಾಮುರುಗಾ ಆದರೆ ಜೋರು.

ನಟ್ಟಿನ ಆಟೆ (ತೂತಿನ ಒಳಗಿನ ಥ್ರೆಡ್) ಹಾಕುವವರಿಗೆ ಗೋಡೆಯ ಮೇಲೆ ಬರೆದಿಡಲು: ಎಂ6ಕ್ಕೆ (6 ಮಿ.ಮೀ. ಬೋಲ್ಟಿಗೆ) 5, ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2 ಮಿ.ಮೀ. ಬಿಟ್. ನಾನು ಬೆಲ್ಟ್ ಮುಚ್ಚಳದ ಒಳಮೈಗೆ ಬರೆದಿದ್ದೇನೆ.

ಬಿಟ್ ತುದಿ ನೀಲಿಯಾಗಿ ಕೊರೆಯುವುದೇ ನಿಂತಿದೆ.

ಸುಟ್ಟಿದೆ. ವೇಗ ಹೆಚ್ಚಾಯಿತು, ಇಲ್ಲವೇ ಮೊಂಡಾದ ಬಿಟ್ಟನ್ನು ಒತ್ತಿದಿರಿ. ಗ್ರೈಂಡರಿನಲ್ಲಿ ಮತ್ತೆ ಮಸೆಯಬಹುದು. ಒಟ್ಟು ಕೋನ 118 ಡಿಗ್ರಿ, ಎರಡು ತುಟಿಯೂ (ತುದಿಯಲ್ಲಿ ಕೊಯ್ಯುವ ಅಂಚುಗಳು) ಒಂದೇ ಉದ್ದ. ಸರಿಯಾಗಿ ಮಸೆದಿದ್ದರೆ ಕಬ್ಬಿಣದ ಎರಡು ಸುರುಳಿಗಳು, ಜಡೆಯ ಎರಡೆಳೆಯ ಹಾಗೆ, ಸಮಸಮವಾಗಿ ಮೇಲೇಳುತ್ತವೆ. ಒಂದೇ ಸುರುಳಿ ಬಂದರೆ ಒಂದೇ ತುಟಿ ಕೆಲಸ ಮಾಡುತ್ತಿದೆ, ತೂತು ದೊಡ್ಡದಾಗುತ್ತದೆ. ಸ್ಟೀಲಿಗೆ ಕಟಿಂಗ್ ಆಯಿಲ್ ಹನಿಸಿ, ಅಲ್ಯುಮಿನಿಯಂಗೆ ಸೀಮೆಎಣ್ಣೆ ನಡೆಯುತ್ತದೆ, ಬೀಡಿಗೆ ಏನೂ ಬೇಡ. ಸ್ಟೇನ್‌ಲೆಸ್ ಮೇಲೆ ಬಿಟ್ಟನ್ನು ಸುಮ್ಮನೆ ಉಜ್ಜಲು ಬಿಡಬೇಡಿ. ಆ ಜಾಗ ಗಟ್ಟಿಯಾಗಿ ಆಮೇಲೆ ಯಾವ ಬಿಟ್ಟಿಗೂ ಜಗ್ಗುವುದಿಲ್ಲ.

ಮರಕ್ಕೆ ಬಳಸಬಹುದಾ?

ಬಳಸಿ, ಆದರೆ ಟೇಬಲ್ ಮೇಲಿನ ಎಣ್ಣೆ ಒರೆಸಿ. ಕಿನ್ನಾಳದ ಬೊಂಬೆಗೆ ಬಳಸುವಂಥ ಹಗುರ ಮರಕ್ಕೆ ಈ ಮಷೀನ್ ಬೇಕಾಗಿಯೇ ಇಲ್ಲ, ಕೈ ಬೈರಿಗೆಯೇ ಸಾಕು. ಬಳ್ಳಾರಿ ಜಾಲಿ ಬೇರೆ ಜಾತಿ. ಸುತ್ತಿಗೆ ಹಿಡಿ ಮಾಡಲು ಒಣಗಿದ ಜಾಲಿಗೆ ತೂತು ಹಾಕಿದಾಗ ಹೊಗೆ ಎದ್ದು ಸಂದಿ ತುಂಬ ಸುಟ್ಟ ವಾಸನೆ. ಆಗಾಗ ಬಿಟ್ ಮೇಲೆತ್ತಿ ಹೊಟ್ಟು ಕೊಡವುತ್ತಾ ಕೊರೆಯಬೇಕು.

ಚಕ್ ಆಗಾಗ ಕಳಚಿ ಬೀಳುತ್ತದೆ. ವೆಲ್ಡ್ ಮಾಡಿಸಿಬಿಡಲಾ?

ಅಯ್ಯೋ, ಬೇಡ. ಟೇಪರ್ ಹಿಡಿಯುವುದು ಒಣಗಿದ್ದಾಗ, ಚೊಕ್ಕವಾಗಿದ್ದಾಗ. ಗಂಡು, ಹೆಣ್ಣು ಎರಡನ್ನೂ ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ, ಚಕ್ಕಿನ ದವಡೆ ಒಳಕ್ಕೆ ಎಳೆದು, ಕೆಳಗೆ ಮರದ ತುಂಡಿಟ್ಟು ಒಂದೇ ಏಟು ಕೊಡಿ. ಆಮೇಲೂ ಬಿದ್ದರೆ ಟೇಪರ್ ಮೇಲೆ ಗೀರು ಎದ್ದಿದೆಯೇ ಎಂದು ಹುಡುಕಿ.

ಧೂಳು, ಬಿಸಿಲು?

ಸಂಡೂರು ರಸ್ತೆಯ ಅದಿರಿನ ಧೂಳು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಕೆಂಪು ಪುಡಿ ಕಂಬದ ಎಣ್ಣೆಯ ಮೇಲೆ ಕೂತು ಮಸೆಯುವ ಪೇಸ್ಟ್ ಆಗುತ್ತದೆ. ಕಂಬಕ್ಕೆ ಎಣ್ಣೆ ಸುರಿಯಬೇಡಿ, ಎಣ್ಣೆ ಬಟ್ಟೆಯಲ್ಲಿ ಸವರಿ ಒಣ ಬಟ್ಟೆಯಲ್ಲಿ ಒರೆಸಿ, ಹಳೆ ಜೀನ್ಸಿನ ಗವಸು ಹೊದಿಸಿ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೆ ಕೊರತೆಯೇ? ಏಪ್ರಿಲ್, ಮೇನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಟೇಬಲ್ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತು, ಅಷ್ಟೇ ನನ್ನ ಬೇಸಿಗೆ ಪಾಳಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಬೆಲ್ಟ್ ಸಡಿಲಿಸಿಡಿ.

ಕೈಗವಸು ಹಾಕಿಕೊಳ್ಳಬೇಕಲ್ಲವೇ?

ಇಲ್ಲ. ಬೇರೆ ಕೆಲಸಕ್ಕೆ ಸರಿ, ಇದಕ್ಕಲ್ಲ. ತಿರುಗುವ ಬಿಟ್ ಗವಸಿನ ಒಂದು ಎಳೆ ಹಿಡಿದರೆ ಬೆರಳೇ ಹಿಂದೆ ಹೋಗುತ್ತದೆ. ಹೆಗಲ ಮೇಲಿನ ಟವೆಲ್ಲು, ಜೋತುಬಿದ್ದ ಲುಂಗಿ ಅಂಚು, ಕೈಗೆ ಕಟ್ಟಿದ ದೇವರ ದಾರ, ಬಿಟ್ಟ ಜಡೆ, ಎಲ್ಲಕ್ಕೂ ಇದೇ ಮಾತು. ಕನ್ನಡಕ ಹಾಕಿ. ಸುರುಳಿಯನ್ನು ಬ್ರಷ್ಷಿನಲ್ಲಿ ತೆಗೆಯಿರಿ. ಎಷ್ಟೇ ಚಿಕ್ಕ ತುಂಡಾದರೂ ವೈಸ್‌ಗೆ ಕಟ್ಟಿ. "ಒಂದೇ ತೂತಲ್ಲ" ಎಂದು ಕೈಯಲ್ಲಿ ಹಿಡಿಯುವ ಆ ಒಂದೇ ತೂತು ಸಾಕು.

ಆಯುಧ ಪೂಜೆ ಮುಗಿದ ಮೇಲೂ ಜೋಪಾನ. ಒಂದು ವರ್ಷ ಸ್ಪಿಂಡಲ್ಲಿಗೆ ಸೇವಂತಿಗೆ ಮಾಲೆ ಹಾಕಿದ್ದೆವು. ಬನ್ನಿ ಹಂಚಿ ಬಂದ ಮರುದಿನ ಮಾಲೆ ಮರೆತು ಹಸಿರು ಒತ್ತಿದೆ. ಹೂವು ಸಂದಿಯ ತುಂಬ ಎರಚಿತು, ದಾರ ಬಿಗಿಯಾಗಿ ಸುತ್ತಿಕೊಂಡು ಬ್ಲೇಡಿನಲ್ಲಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಈಗ ಮಾಲೆ ಕಂಬಕ್ಕೆ.

ಓಣಿಯವರೆಲ್ಲ ತೂತು ಹಾಕಿಸಿಕೊಳ್ಳಲು ಬರುತ್ತಾರೆ. ದುಡ್ಡು ತಗೊಳ್ಳಬಹುದಾ?

ದುಡ್ಡು ತಗೊಂಡು ದಿನವೂ ಮಾಡಿದರೆ ಅದು ಅಂಗಡಿ, ಮನೆ ಮೀಟರಿನಲ್ಲಿ ಮಾಡಬಾರದು. ಅದಕ್ಕೆ ಬೇರೆ ಕನೆಕ್ಷನ್ ಕೇಳಿ. ನಾನು ತಗೊಳ್ಳುವುದಿಲ್ಲ, ಆದರೆ ಎರಡು ಷರತ್ತು ಇಟ್ಟಿದ್ದೇನೆ. ಗುರುತು ಹಾಕಿ ಪಂಚ್ ಹೊಡೆದೇ ತರಬೇಕು. ಉದ್ದದ ತುಂಡಾದರೆ ಎಡಗಡೆಯ ತುದಿಯನ್ನು ಟೇಬಲ್ ಮಟ್ಟಕ್ಕೆ ಎತ್ತಿ ಹಿಡಿಯಲು ಒಬ್ಬರು ಜೊತೆಗೆ ಬರಬೇಕು. ಯಾರೂ ಬಾರದಿದ್ದರೆ ಅಲ್ಲೊಂದು ಹಳೆಯ ಕಬ್ಬಿಣದ ಸ್ಟೂಲಿದೆ. ಅದರ ಮೇಲೆ ಬೋಲ್ಟ್ ನಿಲ್ಲಿಸಿ, ನಟ್ ತಿರುಗಿಸಿ ಎತ್ತರ ಹೊಂದಿಸುವಂತೆ ಮಾಡಿದ್ದೇನೆ. ಸ್ಟೂಲಿಗೆ ಆ ಬೋಲ್ಟ್ ಕೂರುವ ತೂತು ಹಾಕಿದ್ದೂ ಇದೇ ಮಷೀನಿನಲ್ಲಿ, ಸ್ವಲ್ಪ ಓರೆಯಾಗಿ.